ವಾರ್ಡಿನ ಲೆಕ್ಕ, ನದಿಯ ಲೆಕ್ಕ

ನಗರಸಭೆಯ ಸದಸ್ಯರು ತಮ್ಮನ್ನು ಆರಿಸಿದ ವಾರ್ಡಿನ ಜನರಿಗೆ ಕಾಲಕಾಲಕ್ಕೆ ವರದಿಯೊಪ್ಪಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಸಭೆಯಲ್ಲಿ ಯಾವ ಠರಾವು ಅಂಗೀಕಾರವಾಯಿತು, ಸದಸ್ಯರು ಯಾವ ಪಕ್ಷಕ್ಕೆ ನಿಂತರು, ಯಾವ ಬೀದಿಯ ಚರಂಡಿಗೆ ಎಷ್ಟು ಹಣ ಮಂಜೂರಾಯಿತು ಎಂಬ ವಿವರ ಅದರಲ್ಲಿರುತ್ತದೆ. ನಮ್ಮ ಪಟ್ಟಣಗಳಲ್ಲಿ ಸದಸ್ಯರ ಮುದ್ರಿತ ಮಾತು ಮತದಾರನ ಕೈ ಸೇರುವುದು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ, ಚುನಾವಣೆಯ ಕರಪತ್ರವಾಗಿ ಮಾತ್ರ.

ಇದಕ್ಕೆ ಸದಸ್ಯರ ಔದಾಸೀನ್ಯವೊಂದೇ ಕಾರಣವಲ್ಲ. ಕಾನೂನಿನಲ್ಲೂ ಒಂದು ಬಿರುಕಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ರಾಣೆಬೆನ್ನೂರಿನಲ್ಲಿ ಸುಮಾರು 1 ಲಕ್ಷ 6 ಸಾವಿರ, ಹಾವೇರಿಯಲ್ಲಿ 67 ಸಾವಿರ, ಬ್ಯಾಡಗಿಯಲ್ಲಿ 30 ಸಾವಿರ ಜನರಿದ್ದರು. ಮೂರೂ ಪಟ್ಟಣಗಳು ಆ ಮಿತಿಯಿಂದ ಬಹು ಕೆಳಗಿವೆ. ಪಕ್ಕದ ಹಳ್ಳಿಯ ರೈತನಿಗೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕಿದೆ. ಅದೇ ರೈತ ಮಗಳ ಓದಿಗೆಂದು ಪಟ್ಟಣದಲ್ಲಿ ಮನೆ ಮಾಡಿದೊಡನೆ ಅಂಥ ಸಭೆಯ ಆಸರೆ ತಪ್ಪುತ್ತದೆ.

ಆರಿಸಿ ಬಂದವರಿಗೂ ಅಧಿಕಾರ ಸುಲಭವಾಗಿ ದಕ್ಕುವುದಿಲ್ಲ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ತಕರಾರು ನ್ಯಾಯಾಲಯದ ಮೆಟ್ಟಿಲೇರಿ, ಬಹಳಷ್ಟು ಕಡೆ ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಯ ತಿಂಗಳುಗಳಲ್ಲಿ. ಗೆದ್ದ ಸದಸ್ಯರಿದ್ದರು, ಸಭೆ ನಡೆಸುವ ಅಧ್ಯಕ್ಷರಿರಲಿಲ್ಲ. ಆಡಳಿತಾಧಿಕಾರಿಯ ಕೈಯಲ್ಲಿದ್ದ ಆ ಎರಡು ವರ್ಷಗಳ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕಿತ್ತು?

ಬಯಲುಸೀಮೆಯಂಚಿನ ಪಟ್ಟಣಗಳ ಈ ಸಂಗತಿ ಮಲೆನಾಡಿಗರಿಗೇಕೆ ಎಂದು ಓದುಗರು ಕೇಳಬಹುದು. ನೀರು ಅದಕ್ಕೆ ಉತ್ತರ. ಮೂರೂ ಪಟ್ಟಣಗಳು ಕುಡಿಯುವ ನೀರಿಗೆ ತುಂಗಭದ್ರೆಯನ್ನು ನೆಚ್ಚಿವೆ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುತ್ತವೆ; ಸಾಗರ ತಾಲ್ಲೂಕಿನ ವರದಾಮೂಲದಿಂದ ಹೊರಟ ವರದೆ ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಬೆಟ್ಟದ ಕಾಡು ತೆಳುವಾದರೆ ಪಟ್ಟಣದ ನಲ್ಲಿ ಒಣಗುತ್ತದೆ. ಪಟ್ಟಣದ ನಲ್ಲಿ ಒಣಗಿದರೆ ಬೆಟ್ಟದ ಮತ್ತೊಂದು ಹೊಳೆಯನ್ನು ತಿರುಗಿಸುವ ಬೇಡಿಕೆ ಏಳುತ್ತದೆ. ಬೇಡ್ತಿ-ವರದಾ ಜೋಡಣೆಯ ವಿವಾದದ ಬೇರು ಇಲ್ಲಿದೆ. ಹಾವೇರಿಯಲ್ಲಿ ಅದು ಬಾಯಾರಿಕೆಯ ಪ್ರಶ್ನೆ. ಶಿರಸಿ, ಯಲ್ಲಾಪುರಗಳಲ್ಲಿ ಕಾಡು-ತೋಟಗಳ ಉಳಿವಿನ ಪ್ರಶ್ನೆ. ಎರಡೂ ನಿಜ. ಆದರೆ ಪಂಪುಮನೆಯಿಂದ ಎಷ್ಟು ನೀರು ಹೊರಟಿತು, ಮನೆಗಳಿಗೆ ಎಷ್ಟು ತಲುಪಿತು, ಹಾದಿಯಲ್ಲಿ ಎಷ್ಟು ಸೋರಿತು ಎಂಬ ಲೆಕ್ಕ ಪ್ರತಿ ವಾರ್ಡಿನಲ್ಲೂ ಬಹಿರಂಗವಾಗುವವರೆಗೆ ಕೊರತೆಯ ಮಾತಿಗೆ ಆಧಾರವಿರುವುದಿಲ್ಲ, ವಿರೋಧದ ಮಾತಿಗೂ ಆಧಾರವಿರುವುದಿಲ್ಲ.

ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸದೂ ಅಲ್ಲ. 1984ರಲ್ಲಿ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪೆನಿಯನ್ನು ಕಟ್ಟಿದವು. ಹಳ್ಳಿಗಳ ಗೋಮಾಳ, ಗುಡ್ಡಗಳು ನೀಲಗಿರಿ ನೆಡುತೋಪುಗಳಾಗತೊಡಗಿದವು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹದ ಹಿಂದಿದ್ದುದು ನೇರವಾದ ಒಂದು ಪ್ರಶ್ನೆ: ಊರಿನ ಭೂಮಿಯನ್ನು ಯಾರನ್ನು ಕೇಳಿ ಕೊಟ್ಟಿರಿ? ಬೀದಿಯ ಹೋರಾಟವೂ ಸುಪ್ರೀಂ ಕೋರ್ಟಿನ ಮೊಕದ್ದಮೆಯೂ ಜೊತೆಯಾಗಿ ಸಾಗಿ, 1991ರಲ್ಲಿ ಆ ಕಂಪೆನಿ ಮುಚ್ಚಿತು.

ಪಟ್ಟಣದ ವಾರ್ಡಿನಲ್ಲೂ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಸದಸ್ಯರ ವರದಿ ಉದ್ದವಾಗಿರಬೇಕಿಲ್ಲ. ನೀರು ಎಷ್ಟು ದಿನಕ್ಕೊಮ್ಮೆ ಬಂತು? ಕೊಳಚೆ ಯಾವ ಹಳ್ಳ ಸೇರಿತು? ಹಾವೇರಿಯ ಹೆಗ್ಗೇರಿ ಕೆರೆಯ ಕಾಲುವೆಗಳ ಮೇಲೆ ಯಾವ ಬಡಾವಣೆಗೆ ಅನುಮತಿ ದೊರೆಯಿತು? ಹಸಿ ಕಸ ಗೊಬ್ಬರವಾಗಿ ಹೊಲ ಸೇರಿತೇ, ಪ್ಲಾಸ್ಟಿಕ್ಕಿನೊಡನೆ ಬೆರೆತು ಸುಟ್ಟುಹೋಯಿತೇ? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹಂಗಾಮಿನಲ್ಲಿ ದೂರದೂರದ ರೈತರು ಬರುತ್ತಾರೆ. 2024ರ ಮಾರ್ಚ್ 11ರಂದು ದರ ಕುಸಿತದಿಂದ ಕೆರಳಿದ ರೈತರು ಅಲ್ಲಿ ವಾಹನಗಳಿಗೆ ಬೆಂಕಿಯಿಟ್ಟದ್ದನ್ನು ನಾಡೆಲ್ಲ ಕಂಡಿತು. ದರ ನಿಗದಿ ಪುರಸಭೆಯ ಕೆಲಸವಲ್ಲ, ನಿಜ. ಆದರೆ ಬಂದ ರೈತನಿಗೆ ಪಟ್ಟಣದ ಬೀದಿಯಲ್ಲಿ ಕುಡಿಯುವ ನೀರು, ಶೌಚಾಲಯ, ನೆರಳು ಇವೆಯೇ ಎಂಬುದು ಪುರಸಭೆಯ ಕೆಲಸವೇ ಸರಿ. ತಮ್ಮ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ತಿಳಿಸುವುದೂ ಪ್ರಾಮಾಣಿಕ ವರದಿಯ ಲಕ್ಷಣ.

ಕಾನೂನು ತಿದ್ದುಪಡಿಯಾಗುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು, ಯಾರೂ ಕೇಳದಿದ್ದರೂ ಆಯವ್ಯಯ, ಯೋಜನೆ, ತೀರ್ಮಾನಗಳನ್ನು ಪ್ರಕಟಿಸಬೇಕೆಂದು ಪ್ರತಿ ಸಾರ್ವಜನಿಕ ಪ್ರಾಧಿಕಾರಕ್ಕೂ ವಿಧಿಸಿದೆ. ಪ್ರಕಟಿಸದಿದ್ದರೆ ಅರ್ಜಿ ಸಲ್ಲಿಸಿ 30 ದಿನದೊಳಗೆ ಉತ್ತರ ಪಡೆಯುವ ಹಕ್ಕು ಪ್ರಜೆಗಿದೆ. ಕಾಲೇಜಿನ ವಿದ್ಯಾರ್ಥಿಗಳು ತಲಾ ಒಂದು ವಾರ್ಡಿನ ನೀರಿನ ಲೆಕ್ಕವನ್ನು ಕೇಳಿ ಪಡೆದು, ಬೀದಿಯ ಗೋಡೆಗೆ ಅಂಟಿಸಲಿ. ಮುಂದಿನ ತಿಂಗಳ ಲೆಕ್ಕವನ್ನು ಸದಸ್ಯರೇ ತಂದು ಅಂಟಿಸುವಂತಾದರೆ, ಅದು ಆ ಪಟ್ಟಣದ ಗೆಲುವು. ಮೇಲಿನ ಕಾಡಿನದೂ ಹೌದು.