ಹಳೇ ಕೋರ್ಟನ್ನ ಪಾರ್ಕಿಂಗ್ ಮಾಡ್ಬೇಡಿ, ನಮಗೆ ಕೊಡಿ

(1/8)
ಫೋಟೋದಲ್ಲಿ ಇರೋದು ನಮ್ಮ ಕ್ಯಾಂಪಸ್‌ನ ಹಳೇ ಬಾಸ್ಕೆಟ್‌ಬಾಲ್ ಕೋರ್ಟ್. ಫಸ್ಟ್ ಇಯರ್‌ನವರಿಗೆ ಇದು ಇರೋದೇ ಗೊತ್ತಿರಲ್ಲ, ಯಾಕಂದ್ರೆ ದಾರಿ ತುಂಬಾ ಕಾಂಗ್ರೆಸ್ ಗಿಡ. ಒಳಾಂಗಣ ಕ್ರೀಡಾಂಗಣ ಆದ್ಮೇಲೆ ಈ ಕಡೆ ಯಾರೂ ಬರ್ತಿಲ್ಲ. ಒಂದು ಕಂಬದಲ್ಲಿ ರಿಂಗ್ ಇಲ್ಲ, ಇನ್ನೊಂದರಲ್ಲಿ ಬೋರ್ಡೇ ಇಲ್ಲ. ಬೇಸಿಗೇಲಿ ಮೆಸ್‌ನವರು ಸಂಡಿಗೆ ಒಣಗಿಸ್ತಾರೆ, ಅಷ್ಟೇ ಉಪಯೋಗ.

ಈಗ ಇದನ್ನ ಟೂ ವೀಲರ್ ಪಾರ್ಕಿಂಗ್ ಮಾಡೋಕೆ ಹೊರಟಿದ್ದಾರೆ. ಮುಂದಿನ ಗುರುವಾರ ಕ್ರೀಡಾ ಸಮಿತಿ ಮೀಟಿಂಗಲ್ಲಿ ತೀರ್ಮಾನ.

ನಾವು ಹನ್ನೊಂದು ಜನ ಸೇರಿ ಇಲ್ಲಿ ಒಂದು ಸಣ್ಣ ಸ್ಕೇಟ್‌ಪಾರ್ಕ್ ಕಟ್ಟಿಕೊಡಿ ಅಂತ ಅರ್ಜಿ ಕೊಟ್ಟಿದ್ವಿ. ಬಂದ ಉತ್ತರದಲ್ಲಿ ಮೂರೇ ಸಾಲು. ಸುರಕ್ಷತೆಯ ಪ್ರಶ್ನೆ ಇದೆ. ಬೇಡಿಕೆ ಇಲ್ಲ. ಇದಕ್ಕಿಂತ ಮುಖ್ಯವಾದ ಕೆಲಸಗಳಿವೆ. ಕೆಳಗೆ ಒಂದು ಸೀಲು.

ಮೂರಕ್ಕೂ ಇಲ್ಲಿ ಉತ್ತರ ಬರೀತಿದ್ದೀನಿ. ಒಂದೇ ಕ್ಯಾಪ್ಷನ್ನಲ್ಲಿ ಹಿಡಿಯಲ್ಲ, ಎಂಟು ಪೋಸ್ಟ್ ಆಗುತ್ತೆ. ರೀಲ್ಸ್ ಥರ ಹಾರಿಸ್ಬೇಡಿ, ಓದಿ. ಇಂಟರ್ನಲ್ಸ್ ಮುಗಿದಿದೆಯಲ್ಲ, ಇನ್ನೇನು ಕೆಲಸ ನಿಮಗೆ.

(2/8)
ಮೊದಲು ಒಂದು ಗೊಂದಲ ಬಗೆಹರಿಸ್ತೀನಿ. ನಮ್ಮೂರುಗಳಲ್ಲಿ ಸ್ಕೇಟಿಂಗ್ ಅಂದ್ರೆ ಎಲ್ರಿಗೂ ನೆನಪಾಗೋದು ಗಾಲಿ ಇರೋ ಶೂ. ಭಾನುವಾರ ಬೆಳಿಗ್ಗೆ ಪಾರ್ಕಲ್ಲಿ ಪುಟ್ಟ ಮಕ್ಕಳು ಸಾಲಾಗಿ ಹೋಗ್ತಿರ್ತಾರಲ್ಲ, ಅದು. ನಾನು ಹೇಳ್ತಿರೋದು ಹಲಗೆ. ತೆಳು ಮರದ ಪದರಗಳನ್ನ ಅಂಟಿಸಿ ಒತ್ತಿ ಮಾಡಿದ ಹಲಗೆ, ಅದರ ಕೆಳಗೆ ಎರಡು ಲೋಹದ ಟ್ರಕ್, ನಾಲ್ಕು ಗಾಲಿ. ಕಾಲಿಗೆ ಏನೂ ಕಟ್ಟಿರಲ್ಲ. ಅದಕ್ಕೇ ಕಷ್ಟ, ಅದಕ್ಕೇ ಮಜಾ.

ಆ ಗಾಲಿ ನೋಡಿ (ಎರಡನೇ ಫೋಟೋ, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟಿದ್ದೀನಿ). ಹೆಚ್ಚುಕಮ್ಮಿ ಐದು ಸೆಂಟಿಮೀಟರ್ ಅಗಲ. ಹಿಂದೆ ಲೋಹದ್ದು, ಜೇಡಿಮಣ್ಣಿಂದ ಮಾಡಿದ್ದು ಇರ್ತಿತ್ತು, ಜಾರಿ ಬೀಳೋರೇ ಜಾಸ್ತಿ. 1970ರ ದಶಕದ ಶುರುವಲ್ಲಿ ಫ್ರಾಂಕ್ ನ್ಯಾಸ್‌ವರ್ದಿ ಅನ್ನೋ ಅಮೆರಿಕದ ಹುಡುಗ ಯುರಿಥೇನ್ ಗಾಲಿ ತಂದ್ಮೇಲೆ ಈ ಆಟದ ಹಣೆಬರಹವೇ ಬದಲಾಯ್ತು. ನೆಲ ಹಿಡಿಯುತ್ತೆ, ಸದ್ದು ಕಮ್ಮಿ.

ಆದ್ರೆ ಎಂಥಾ ಗಾಲಿ ಆದ್ರೂ ಒಂದು ಜಲ್ಲಿಕಲ್ಲಿಗೆ ಸಿಕ್ಕರೆ ಮುಗೀತು. ಗಾಲಿ ಅಲ್ಲೇ ನಿಲ್ಲುತ್ತೆ, ನೀವು ನಿಲ್ಲಲ್ಲ. ಸ್ಕೇಟ್‌ಪಾರ್ಕ್ ಅಂದ್ರೆ ಬೇರೇನಿಲ್ಲ, ಜಲ್ಲಿ ಇಲ್ಲದ ನುಣುಪು ಕಾಂಕ್ರೀಟ್ ನೆಲ, ಎರಡು ಇಳಿಜಾರು, ಜಗಲಿಕಟ್ಟೆ ಥರದ ಒಂದು ಲೆಡ್ಜ್. ವಿದೇಶಿ ವಿಡಿಯೋಗಳಲ್ಲಿ ಕಾಣೋ ದೊಡ್ಡ ಈಜುಕೊಳದಂಥ ಬೌಲ್ ನಮಗೆ ಬೇಡ. ನಮ್ಮ ಮಳೆಗೆ ಅದು ನಿಜವಾಗ್ಲೂ ಈಜುಕೊಳವೇ ಆಗಿಬಿಡುತ್ತೆ.

(3/8)
ಸುರಕ್ಷತೆ ಬಗ್ಗೆ.

ಫೋಟೋದಲ್ಲಿ ಬ್ಯಾಂಡೇಜ್ ಹಾಕಿರೋ ಕೈ ನಂದೇ. ಕಳೆದ ವರ್ಷದ್ದು. ನಮ್ಮ ಅರ್ಜಿ ಕೊಡೋಕೆ ಹೋದಾಗ ಕುರ್ಚಿಯಲ್ಲಿ ಕೂತವರು ಮೊದಲು ನೋಡಿದ್ದು ಇದನ್ನೇ. "ನೋಡಮ್ಮ, ನೀನೇ ಕೈ ಮುರ್ಕೊಂಡಿದ್ದೀಯ, ಮತ್ತೆ ಇದನ್ನೇ ಕೇಳ್ತೀಯಲ್ಲ" ಅಂದ್ರು. ಅವತ್ತು ಉತ್ತರ ಹೊಳೀಲಿಲ್ಲ, ಅಳು ಬಂತು, ಆಚೆ ಬಂದ್ಬಿಟ್ಟೆ. ಈಗ ಹೇಳ್ತೀನಿ.

ಸರ್, ನಾನು ಕೈ ಮುರ್ಕೊಂಡಿದ್ದು ಸ್ಕೇಟ್‌ಪಾರ್ಕಲ್ಲಿ ಅಲ್ಲ. ಬೆಳಗಿನ ಜಾವ ಐದೂಮುಕ್ಕಾಲಿಗೆ, ಆಡಳಿತ ಕಚೇರಿ ಹಿಂದಿನ ರಸ್ತೆಯಲ್ಲಿ. ಹಗಲಲ್ಲಿ ಅಲ್ಲಿ ನಿಂತ್ರೆ ಸೆಕ್ಯುರಿಟಿ ಅಣ್ಣ ಓಡಿಸ್ತಾರೆ. ಅವರ ತಪ್ಪಲ್ಲ, ಅವರಿಗೆ ಮೇಲಿಂದ ಹೇಳಿದ್ದಾರೆ. ಸಂಜೆ ಕಾರು, ಬೈಕು, ಕ್ಯಾಂಪಸ್ ಬಸ್ಸು. ಹಾಗಾಗಿ ಕತ್ತಲಿರುವಾಗ್ಲೇ ಹೋಗ್ತಿದ್ದೆ. ಹಿಂದಿನ ದಿನ ಯಾವುದೋ ಕಾಮಗಾರಿಗೆ ಜಲ್ಲಿ ಇಳಿಸಿದ್ರು, ನಾಲ್ಕು ಕಲ್ಲು ರಸ್ತೆಗೆ ಉರುಳಿತ್ತು, ಕಾಣಲಿಲ್ಲ. ಹೆಲ್ಮೆಟ್ ಇತ್ತು, ತಲೆ ಉಳೀತು. ಎಡಗೈ ಮಣಿಕಟ್ಟು ಹೋಯ್ತು. ಅಮ್ಮನಿಗೆ ಫೋನಲ್ಲಿ ಹಾಸ್ಟೆಲ್ ಮೆಟ್ಟಿಲಲ್ಲಿ ಜಾರಿದೆ ಅಂದೆ. (ಅಮ್ಮ, ಇದನ್ನ ನೀವು ಓದ್ತಿದ್ರೆ, ಸಾರಿ.)

ಈಗ ನೀವೇ ಹೇಳಿ, ನನ್ನ ಮುರಿದ ಕೈ ಯಾರ ಪರ ಸಾಕ್ಷಿ? ಜಾಗ ಕೊಡದೇ ಇರೋರ ಪರಾನಾ, ಜಾಗ ಕೇಳೋರ ಪರಾನಾ?

ಈ ಆಟದಲ್ಲಿ ಬೀಳಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬೀಳ್ತೀವಿ, ದಿನಾ ಬೀಳ್ತೀವಿ. ಕಬಡ್ಡಿಯಲ್ಲೂ ಬೀಳ್ತಾರೆ, ಖೋಖೋದಲ್ಲಿ ಮಂಡಿ ಸಿಪ್ಪೆ ಏಳುತ್ತೆ. ಅದಕ್ಕೆ ಯಾರೂ ಕಬಡ್ಡಿ ಅಂಕಣ ಮುಚ್ಚಲಿಲ್ಲ, ಮ್ಯಾಟ್ ಹಾಕಿಸಿದ್ರು. ಸಿಂಥೆಟಿಕ್ ಮ್ಯಾಟ್! ಬಿದ್ದರೆ ಪೆಟ್ಟು ಕಮ್ಮಿ ಆಗಲಿ ಅಂತ. ಅದೇ ಬುದ್ಧಿ ನಮ್ಮ ವಿಷಯದಲ್ಲೂ ಬರಲಿ. ಹೆಲ್ಮೆಟ್ ಇಲ್ಲದೆ ಪಾರ್ಕ್ ಒಳಗೆ ಬಿಡಬೇಡಿ, ಒಪ್ತೀವಿ. ಮೊಣಕೈ ಮಂಡಿ ಪ್ಯಾಡ್ ಕಡ್ಡಾಯ ಮಾಡಿ, ಒಪ್ತೀವಿ. ಆದ್ರೆ ಹೆಲ್ಮೆಟ್ ಹಾಕದೆ ತ್ರಿಬಲ್ ರೈಡ್ ಹೋಗೋ ಬೈಕ್‌ಗಳಿಗೆ ಕಾಂಕ್ರೀಟ್ ನೆಲ ಮಾಡಿಕೊಟ್ಟು, ಹೆಲ್ಮೆಟ್ ಹಾಕಿರೋ ನಮಗೆ ಸುರಕ್ಷತೆ ಪಾಠ ಮಾಡ್ಬೇಡಿ.

(4/8)
"ಬೇಡಿಕೆ ಇಲ್ಲ."

ಹೋದ ಶನಿವಾರ ನಾನೇ ಎಣಿಸಿದೆ. ಆ ಹಿಂದಿನ ರಸ್ತೆಯಲ್ಲಿ ರಾತ್ರಿ ಹತ್ತರ ಮೇಲೆ ಬಂದವರು ಇಪ್ಪತ್ತಮೂರು ಜನ, ಅವರ ಹತ್ರ ಇದ್ದ ಬೋರ್ಡು ಒಂಬತ್ತು. (ನಾನು ಎಣಿಸಿದ್ದು ಹಾಸ್ಟೆಲ್ ಟೆರೇಸಿಂದ. ಯಾಕೆ ಅಂತ ಮುಂದೆ ಹೇಳ್ತೀನಿ.) ಇಪ್ಪತ್ತಮೂರು ದೊಡ್ಡ ಸಂಖ್ಯೆ ಅಲ್ಲ, ಒಪ್ಕೊಳ್ತೀನಿ. ಕ್ರಿಕೆಟ್ ಸೆಲೆಕ್ಷನ್ನಿಗೆ ಇದರ ಐದು ಪಟ್ಟು ಬರ್ತಾರೆ.

ಆದ್ರೆ ಆ ಇಪ್ಪತ್ತಮೂರರಲ್ಲಿ ಹುಡುಗಿಯರು ಎಷ್ಟು ಅಂದ್ರೆ, ಸೊನ್ನೆ.

ಯಾಕಂದ್ರೆ ನಮ್ಮ ಹಾಸ್ಟೆಲ್ ಗೇಟ್ ಏಳೂವರೆಗೆ ಮುಚ್ಚುತ್ತೆ. ರಸ್ತೆ ಖಾಲಿ ಆಗೋದು ಹತ್ತಕ್ಕೆ. ಹುಡುಗರು ಆ ಹೊತ್ತಲ್ಲಿ ಆಡ್ತಾರೆ, ನಾವು ಟೆರೇಸ್ ಮೇಲಿಂದ ನೋಡ್ತೀವಿ. ನಂಗೆ ಬೋರ್ಡ್ ಮೇಲೆ ನಿಲ್ಲೋದು ಕಲಿಸಿದ ಸೀನಿಯರ್ ಕೂಡ ಹುಡುಗಿ. ಅವರು ಕಾರಿಡಾರಲ್ಲೇ ಕಲಿತವರು, ವಾರ್ಡನ್ ಮೇಡಂ ಮಲಗಿದ್ಮೇಲೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ. ಅದೇ ಬೋರ್ಡು ಈಗ ನನ್ನ ರೂಮಲ್ಲಿದೆ, ನನ್ನ ಜೊತೆ ಇನ್ನೂ ನಾಲ್ಕು ಜನ ಅದನ್ನೇ ಹಂಚ್ಕೊಳ್ತೀವಿ. ನಮ್ಮ ಐದು ಜನಾನ ನಿಮ್ಮ ಬೇಡಿಕೆ ಲೆಕ್ಕದಲ್ಲಿ ಯಾರು ಸೇರಿಸಿದ್ರು?

ಗೇಟಿನ ಒಳಗೆ, ಹಗಲು ಬೆಳಕಲ್ಲಿ, ಕ್ಲಾಸು ಮುಗಿದ ನಾಲ್ಕೂವರೆಗೆ ಆಡೋಕೆ ಒಂದು ಜಾಗ ಇದ್ರೆ ಮಾತ್ರ ಹುಡುಗಿಯರು ಬರೋಕಾಗುತ್ತೆ. ಬೆಂಗಳೂರಿಗೆ ಹೋಗಿ ಆಡ್ಕೊಂಡ್ ಬನ್ನಿ ಅಂತ ಒಬ್ಬರು ಕಮೆಂಟ್ ಹಾಕಿದ್ರಲ್ಲ, ಅವರಿಗೆ ಔಟಿಂಗ್ ಪರ್ಮಿಷನ್ ಫಾರಂ ಫೋಟೋ ತೆಗೆದು ಕಳಿಸ್ತೀನಿ. ಅಪ್ಪನ ಸಹಿ, ಸ್ಥಳೀಯ ಪೋಷಕರ ಸಹಿ, ಕಾರಣ. ಕಾರಣದ ಜಾಗದಲ್ಲಿ ಏನಂತ ಬರೀಲಿ, ಓಲಿ ಹೊಡೆಯೋಕೆ ಅಂತಾನಾ?

2021ರ ಜುಲೈಯಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಬಂತು. ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ. ಬೆಳ್ಳಿ ಗೆದ್ದ ಬ್ರೆಜಿಲಿನ ರಾಯ್ಸಾ ಲಿಯಾಲ್‌ಗೂ 13. ಕಂಚಿನವಳಿಗೆ 16. ಮೂರೂ ಜನ ನಮಗಿಂತ ಚಿಕ್ಕವರು. ನಾವು ಪದಕ ತರ್ತೀವಿ ಅಂತ ಹೇಳ್ತಿಲ್ಲ, ನಮ್ಮ ವಯಸ್ಸು ಮೀರಿದೆ ಬಿಡಿ! ಸ್ಟಾಫ್ ಕ್ವಾರ್ಟರ್ಸಲ್ಲಿ ಎಂಟು ವರ್ಷದ ಮಕ್ಕಳಿದ್ದಾರಲ್ಲ, ಅವರನ್ನ ನೆನಪಿಸ್ಕೊಳ್ಳಿ ಅಂತಿದ್ದೀನಿ.

(5/8)
ಇದು ನಂಗೆ ತುಂಬಾ ಇಷ್ಟದ ಕಥೆ, ನಿಜವಾಗಿ ನಡೆದಿದ್ದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲವ್ ಪಾರ್ಕ್ ಅಂತ ಒಂದು ಚೌಕ ಇದೆ. ಆಗ ಅಲ್ಲಿ ಗ್ರಾನೈಟ್ ನೆಲ, ಮೆಟ್ಟಿಲು, ಕಟ್ಟೆ ಇದ್ವು. ಅದರ ಕಲ್ಪನೆ ಆ ಊರಿನ ನಗರ ಯೋಜಕ ಎಡ್ಮಂಡ್ ಬೇಕನ್ ಅವರದ್ದು (ಸಿನಿಮಾ ನಟ ಕೆವಿನ್ ಬೇಕನ್ ಅವರ ಅಪ್ಪ). 1965ರಲ್ಲಿ ಶುರುವಾದ ಆ ಚೌಕ ಆಮೇಲೆ ಸ್ಕೇಟರ್‌ಗಳ ಮನೆಯಾಯ್ತು. ಪ್ರಪಂಚದ ಎಲ್ಲಾ ಕಡೆಯಿಂದ ಅಲ್ಲಿಗೆ ಬರೋರು. 2001, 2002ರಲ್ಲಿ ಎಕ್ಸ್ ಗೇಮ್ಸ್ ಅನ್ನೋ ದೊಡ್ಡ ಸ್ಪರ್ಧೆಯನ್ನ ಊರವರು ಹೆಮ್ಮೆಯಿಂದ ನಡೆಸಿದ್ರು. ಅದೇ ಹೊತ್ತಿಗೆ ಲವ್ ಪಾರ್ಕಲ್ಲಿ ಸ್ಕೇಟಿಂಗ್ ನಿಷೇಧ! ಟಿವಿಗೆ ಸ್ಕೇಟರ್‌ಗಳು ಬೇಕು, ಚೌಕಕ್ಕೆ ಬೇಡ. (ನಮ್ಮ ವಿವಿಯ ಈ ಸಲದ ಅಡ್ಮಿಷನ್ ಬ್ರೋಷರಿನ ಒಂಬತ್ತನೇ ಪುಟದಲ್ಲಿ ಬೋರ್ಡ್ ಹಿಡಿದು ನಗ್ತಿರೋ ಹುಡುಗ ಯಾರು ಅಂತ ನೋಡಿ. ಅವನನ್ನ ಮೂರು ಸಲ ಗೇಟಲ್ಲಿ ಹಿಡಿದಿದ್ದಾರೆ.)

ಆಗ ಬೇಕನ್ ಏನು ಮಾಡಿದ್ರು ಗೊತ್ತಾ? 2002ರ ಅಕ್ಟೋಬರಲ್ಲಿ ಹೆಲ್ಮೆಟ್ ಹಾಕ್ಕೊಂಡು, ಅಕ್ಕಪಕ್ಕ ಇಬ್ಬರ ಕೈ ಹಿಡ್ಕೊಂಡು, ಕ್ಯಾಮೆರಾಗಳ ಎದುರು ನಿಷೇಧ ಮುರಿದು ಲವ್ ಪಾರ್ಕಲ್ಲಿ ಬೋರ್ಡ್ ಮೇಲೆ ನಿಂತು ಸಾಗಿದ್ರು. ಆಗ ಅವರಿಗೆ 92 ವರ್ಷ. ತಾನು ಕಲ್ಪಿಸಿದ ಜಾಗವನ್ನ ಹುಡುಗರು ತಾನು ಯೋಚಿಸದ ರೀತಿಯಲ್ಲಿ ಬಳಸ್ತಿದ್ದಾರೆ ಅಂತ ಆ ಮುದುಕನಿಗೆ ಸಿಟ್ಟು ಬರಲಿಲ್ಲ, ಖುಷಿ ಆಯ್ತು.

ನಿಷೇಧ ಹೋಗಲಿಲ್ಲ ಅನ್ನೋದನ್ನೂ ಹೇಳ್ಬೇಕು. ಆದ್ರೆ ಅದೇ ಊರು 2013ರಲ್ಲಿ ಸ್ವಲ್ಪ ದೂರದಲ್ಲಿ ಬೇರೆ ಸ್ಕೇಟ್‌ಪಾರ್ಕ್ ಕಟ್ಟಿಕೊಟ್ಟಿತು. ನಾವು ಹನ್ನೊಂದು ವರ್ಷ ಕಾಯೋಕಾಗಲ್ಲ ಸರ್, ನಮ್ಮದು ಎರಡು ವರ್ಷದ ಕೋರ್ಸು.

(6/8)
"ಇದಕ್ಕಿಂತ ಮುಖ್ಯವಾದ ಕೆಲಸಗಳಿವೆ" ಅನ್ನೋದು ಮೂರರಲ್ಲಿ ಗಟ್ಟಿಯಾದ ಮಾತು. ಹಾಸ್ಟೆಲಲ್ಲಿ ವಾರಕ್ಕೆ ಎರಡು ದಿನ ನೀರು ಬರಲ್ಲ. ಲೈಬ್ರರಿ ರೀಡಿಂಗ್ ರೂಮಲ್ಲಿ ಫ್ಯಾನ್ ತಿರುಗಲ್ಲ. ನೀರು ಬೇಕಾ ಸ್ಕೇಟ್‌ಪಾರ್ಕ್ ಬೇಕಾ ಅಂತ ಕೇಳಿದ್ರೆ ನಾನೂ ನೀರಿಗೇ ಸಹಿ ಹಾಕ್ತೀನಿ. ಆದ್ರೆ ಯಾರೂ ಹಾಗೆ ಕೇಳ್ತಿಲ್ಲ. ಅವರು ನೀರು ಬಿಟ್ಟು ಪಾರ್ಕಿಂಗ್ ಕಟ್ತಿದ್ದಾರೆ. ಆ ದುಡ್ಡು ಕ್ರೀಡಾ ನಿಧಿಯದ್ದು, ನಿಮ್ಮ ಫೀಸ್ ರಸೀದಿ ತೆಗೆದು ನೋಡಿ, "ಕ್ರೀಡಾ ಶುಲ್ಕ" ಅಂತ ಬೇರೆ ಸಾಲೇ ಇದೆ. ಬೈಕ್ ನಿಲ್ಲಿಸೋದು ಯಾವಾಗಿಂದ ಕ್ರೀಡೆ ಆಯ್ತು?

ಪಾರ್ಕಿಂಗ್ ಬೇಡ ಅಂತಲ್ಲ. ಮೇನ್ ಗೇಟ್ ಪಕ್ಕದ ಶೆಡ್ ಮಧ್ಯಾಹ್ನ ಕೂಡ ಅರ್ಧ ಖಾಲಿ, ಅದರ ಫೋಟೋನೂ ಹಾಕಿದ್ದೀನಿ. ಅಲ್ಲಿಂದ ಕ್ಲಾಸಿಗೆ ಆರು ನಿಮಿಷ ನಡಿಗೆ. ಅದು ಕಷ್ಟ ಅಂತ ಹೊಸ ಪಾರ್ಕಿಂಗ್.

ಖರ್ಚಿನ ಅಂದಾಜು ಕೇಳಿದ್ರು. ಸಿವಿಲ್‌ನ ಗೆಳೆಯನ ಜೊತೆ ಕೂತು ಲೆಕ್ಕ ಹಾಕಿದೆ. ಬಾಸ್ಕೆಟ್‌ಬಾಲ್ ಕೋರ್ಟ್ ಅಂದ್ರೆ 28 ಮೀಟರ್ ಉದ್ದ, 15 ಮೀಟರ್ ಅಗಲ, ಒಟ್ಟು 420 ಚದರ ಮೀಟರ್. ಅದರ ಮೇಲೆ ಐದು ಇಂಚು ದಪ್ಪ ಹೊಸ ಕಾಂಕ್ರೀಟ್ ಹಾಕಿದ್ರೆ ಸುಮಾರು 53 ಘನ ಮೀಟರ್. ರಸ್ತೆಯಲ್ಲಿ ತಿರುಗ್ತಾ ಹೋಗೋ ಮಿಕ್ಸರ್ ಲಾರಿ ಆರು ಘನ ಮೀಟರ್‌ದಾದ್ರೆ ಒಂಬತ್ತು ಲೋಡು. ಇಳಿಜಾರು, ಲೆಡ್ಜ್‌ಗೆ ಇನ್ನೆರಡು ಲೋಡು ಇಟ್ಕೊಳ್ಳಿ. ನೀರು ನಿಲ್ಲದ ಹಾಗೆ ಒಂದು ಕಡೆಗೆ ಸಣ್ಣ ವಾಟ, ಅಂಚಿಗೆ ಕಬ್ಬಿಣದ ಆಂಗಲ್, ಮೇಲೆ ಮೆಷಿನ್ನಲ್ಲಿ ನುಣುಪು ಮಾಡೋದು. ಛಾವಣಿ ಬೇಡ, ಲೈಟ್ ಬೇಡ, ನೆಟ್ ಬೇಡ, ವರ್ಷ ವರ್ಷ ಬದಲಾಯಿಸೋ ಮ್ಯಾಟೂ ಬೇಡ. ಪಾರ್ಕಿಂಗಿಗೆ ಹೇಗೂ ಇದೇ ನೆಲಕ್ಕೆ ಕಾಂಕ್ರೀಟ್ ಸುರೀತಾರೆ, ಮೇಲೆ ಶೀಟ್ ಬೇರೆ. ಅದರ ಟೆಂಡರಿಗಿಂತ ಇದು ಜಾಸ್ತಿ ಆಗಲ್ಲ ಅಂತ ನಮ್ಮ ಸಿವಿಲ್ ಪಂಡಿತರ ಅಭಿಪ್ರಾಯ. ಜಾಸ್ತಿ ಆಗುತ್ತೆ ಅನ್ನೋರು ಎರಡೂ ಅಂದಾಜು ಪಕ್ಕಪಕ್ಕ ಇಟ್ಟು ತೋರಿಸ್ಲಿ.

(7/8)
ಅರ್ಜಿಯ ಉತ್ತರದಲ್ಲಿ ಬರೀದೇ ಬಾಯಲ್ಲಿ ಮಾತ್ರ ಹೇಳಿದ್ದು ಇನ್ನೊಂದಿದೆ. "ಇದೆಲ್ಲ ನಮ್ಮ ಸಂಸ್ಕೃತಿ ಅಲ್ಲಮ್ಮ." ಆ ಮಾತು ಹೇಳುವಾಗ ಅವರ ಹಿಂದಿನ ಗಾಜಿನ ಬೀರುವಿನಲ್ಲಿ ಬಾಸ್ಕೆಟ್‌ಬಾಲ್ ಟ್ರೋಫಿಗಳಿದ್ವು. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸಲ್ಲಿ.

ನಮ್ಮ ದೇಶದ್ದೇ ಉದಾಹರಣೆ ಬೇಕಾದ್ರೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಅನ್ನೋ ಹಳ್ಳಿ ನೋಡಿ. 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಅಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿಸಿದ್ರು. ನಿಯಮ ಎರಡು. ಶಾಲೆಗೆ ಹೋಗದಿದ್ರೆ ಬೋರ್ಡ್ ಇಲ್ಲ, ಮತ್ತೆ ಹುಡುಗಿಯರಿಗೆ ಮೊದಲ ಸರದಿ. ಆದಿವಾಸಿ ಮಕ್ಕಳು, ಯಾದವರ ಮಕ್ಕಳು ಒಂದೇ ಇಳಿಜಾರಲ್ಲಿ ಆಡಿದ್ರು. ಆ ಹಳ್ಳಿಯ ಆಶಾ ಗೊಂಡ್ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿಗೆ ಹೋಗಿ ಬಂದಳು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಹೋಲಿಸ್ಟೋಕ್ಡ್ ಗುಂಪಿನವರು ತಾವೇ ಸಿಮೆಂಟ್ ಕಲಸಿ ಪಾರ್ಕ್ ಕಟ್ಟಿದವರು. ಬೆಂಗಳೂರಲ್ಲೇ ಕಲಿತ ಅತಿತಾ ವರ್ಗೀಸ್ ಬೇರೆ ಹುಡುಗಿಯರಿಗೂ ಕಲಿಸೋಕೆ ಅಂತಲೇ ಗರ್ಲ್ ಸ್ಕೇಟ್ ಇಂಡಿಯಾ ಶುರು ಮಾಡಿದ್ರು.

ಒಂದು ಹಳ್ಳಿಗೆ ಸಾಧ್ಯ ಆಗಿದ್ದು, ಸಿವಿಲ್ ಇಂಜಿನಿಯರಿಂಗ್ ವಿಭಾಗವೇ ಇರೋ ವಿಶ್ವವಿದ್ಯಾಲಯಕ್ಕೆ ಆಗಲ್ವಾ?

(8/8)
ಈಗ ಕೆಲಸದ ಮಾತು.

ಸೋಮವಾರ, ಮಂಗಳವಾರ, ಬುಧವಾರ. ಮಧ್ಯಾಹ್ನ ಒಂದರಿಂದ ಎರಡು. ಕ್ಯಾಂಟೀನ್ ಪಕ್ಕದ ಹೊಂಗೆ ಮರದ ಕೆಳಗೆ ನಾವಿರ್ತೀವಿ. ಐಡಿ ಕಾರ್ಡ್ ತನ್ನಿ, ರಿಜಿಸ್ಟರ್ ನಂಬರ್ ಬರೆದು ಸಹಿ ಹಾಕಿ. ಬೋರ್ಡ್ ಮುಟ್ಟದೇ ಇದ್ದವರೂ ಹಾಕ್ಬಹುದು, ಕ್ರೀಡಾ ಶುಲ್ಕ ಎಲ್ರೂ ಕಟ್ಟಿದ್ದೀವಿ. ಹುಡುಗಿಯರ ಹಾಸ್ಟೆಲಲ್ಲಿ ಸಂಜೆ ಎಂಟಕ್ಕೆ ನಾನೇ ರೂಮ್ ರೂಮಿಗೆ ಬರ್ತೀನಿ, ಬಾಗಿಲು ತೆಗೀರಿ.

ಕಾಗದದಲ್ಲಿ ಕೇಳಿರೋದು ಮೂರು. ಗುರುವಾರ ಪಾರ್ಕಿಂಗ್ ತೀರ್ಮಾನ ಮುಂದೂಡಬೇಕು. ಎರಡೂ ಅಂದಾಜು ನೋಟಿಸ್ ಬೋರ್ಡಿಗೆ ಹಾಕಬೇಕು. ಮೀಟಿಂಗಲ್ಲಿ ನಮ್ಮ ಇಬ್ಬರಿಗೆ ಹತ್ತು ನಿಮಿಷ ಮಾತಾಡೋಕೆ ಬಿಡಬೇಕು, ಅದರಲ್ಲಿ ಒಬ್ಬರು ಹುಡುಗಿ ಆಗಿರ್ಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕೋರ್ಟಿನ ಕಾಂಗ್ರೆಸ್ ಗಿಡ ಕೀಳ್ತಿದ್ದೀವಿ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕ್ಕೊಂಡ್ ಬನ್ನಿ, ಅಲರ್ಜಿ ಇರೋರು ದೂರ ನಿಂತು ಟೀ ಕೊಡಿ. ಪೊರಕೆ ಇರೋರು ತನ್ನಿ, ನಮ್ಮ ಹತ್ರ ಎರಡೇ ಇದೆ.

#ಹಳೇಕೋರ್ಟ್_ನಮಗೆಕೊಡಿ #ಕ್ಯಾಂಪಸ್‌ಗೊಂದು_ಸ್ಕೇಟ್‌ಪಾರ್ಕ್