ಅನುದಾನದ ಅರ್ಜಿ ಮತ್ತು ಗುಡ್ಡದ ಬಾಕಿ

ಪರಿಸರದ ಕೆಲಸಕ್ಕೆ ಅನುದಾನ ಕೇಳಬೇಕೆ, ಬೇಡವೆ ಎಂಬ ಚರ್ಚೆ ನಮ್ಮ ವಲಯದಲ್ಲಿ ಹೊಸದಲ್ಲ. ಹಣ ಮುಟ್ಟಿದರೆ ಚಳವಳಿಯ ದನಿ ಕುಗ್ಗುತ್ತದೆ ಎನ್ನುವವರು ಒಂದು ಕಡೆ; ಹಣವಿಲ್ಲದೆ ಒಂದು ಒಡ್ಡೂ ಏಳದು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಹಿಡಕಲ್ ಜಲಾಶಯದ ಮೇಲಣ ಗುಡ್ಡಗಳಲ್ಲಿ ನಿಂತು ನೋಡಿದಾಗ, ಈ ಚರ್ಚೆಯನ್ನು ಬೇರೊಂದು ಪ್ರಶ್ನೆಯಿಂದ ಆರಂಭಿಸಬೇಕೆನಿಸುತ್ತದೆ. ಇಲ್ಲಿ ಯಾರು ಯಾರಿಗೆ ಋಣಿಗಳು?

ಘಟಪ್ರಭೆಗೆ ಧೂಪದಾಳದಲ್ಲಿ ಅಡ್ಡಗಟ್ಟೆ ಕಟ್ಟಿದ್ದು 1897ರಲ್ಲಿ. ಅದಾಗಿ ಮುಕ್ಕಾಲು ಶತಮಾನದ ಮೇಲೆ ಹಿಡಕಲ್ಲಿನ ಅಣೆಕಟ್ಟು ಪೂರ್ಣಗೊಂಡಿತು. ರಾಜಾ ಲಖಮಗೌಡರ ಹೆಸರು ಹೊತ್ತ ಈ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಅದರ ನೀರು ಕಾಲುವೆಗಳಲ್ಲಿ ಗೋಕಾಕ, ಮೂಡಲಗಿ, ಮುಧೋಳ, ಜಮಖಂಡಿಗಳ ಕಬ್ಬಿನ ಗದ್ದೆಗಳಿಗೆ ಹರಿಯುತ್ತದೆ. ಬೆಳಗಾವಿ ನಗರಕ್ಕೂ ಕುಡಿಯಲು ಹೋಗುತ್ತದೆ. ನೀರು ನಿಲ್ಲಿಸಲು ಭೂಮಿ ಬಿಟ್ಟವರ ಕತೆ ಬೇರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದು ನಿಲ್ಲುತ್ತದೆ, ಜನ ನೋಡಲು ಹೋಗುತ್ತಾರೆ. ಆ ಊರಿನವರ ಹೊಲಗಳು ಮಾತ್ರ ಯಾರ ಕಣ್ಣಿಗೂ ಬೀಳವು. ಜಲಾಶಯದ ಮಟ್ಟಕ್ಕಿಂತ ಮೇಲಿರುವ ಇಳಿಜಾರಿನ ಊರುಗಳಿಗೆ ಕಾಲುವೆಯ ನೀರು ಏರದು. ಮಳೆ ಕೈಕೊಟ್ಟ ವರ್ಷ, ಕೆಳಗೆ ಕಣ್ಣಳತೆಯಲ್ಲಿ ನೀರು ಕಾಣುತ್ತಿದ್ದರೂ ಕೊಡ ಹಿಡಿದು ಕಾಯುವುದು ತಪ್ಪದು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ವಿವರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈ ಇಳಿಜಾರಿನ ಮಣ್ಣು ಕೊಚ್ಚಿಹೋದರೆ ಅದು ಸೇರುವುದು ಜಲಾಶಯದ ತಳವನ್ನೇ. ಗುಡ್ಡದವರು ಒಡ್ಡು ಹಾಕಿ, ಗಿಡ ಉಳಿಸಿ, ಮಣ್ಣು ಹಿಡಿದರೆ ಅದರ ಲಾಭದ ದೊಡ್ಡ ಪಾಲು ಕಾಲುವೆಯ ತುದಿಯ ಕಬ್ಬಿಗೂ ಕಾರ್ಖಾನೆಗೂ ಸಲ್ಲುತ್ತದೆ. ಆದುದರಿಂದ ಗುಡ್ಡದ ಊರೊಂದು ಅನುದಾನ ಕೇಳುವುದೆಂದರೆ ಭಿಕ್ಷೆ ಬೇಡುವುದಲ್ಲ, ಬಹುಕಾಲದ ಬಾಕಿಯನ್ನು ಕೇಳುವುದು. ಅರ್ಜಿಯ ಮೊದಲ ಪುಟದ ಧಾಟಿಯೇ ಇದರಿಂದ ಬದಲಾಗಬೇಕು. ‘ಬಡ, ಹಿಂದುಳಿದ, ಅಜ್ಞಾನಿ ಜನರ ಉದ್ಧಾರಕ್ಕಾಗಿ’ ಎಂದು ತೊಡಗುವ ಅರ್ಜಿಗಳನ್ನು ಓದಿ ಓದಿ ನಮಗೆ ಸಾಕಾಗಿದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬುದು ಲೋಕದ ಗಾದೆ. ಅನುದಾನದ ಲೋಕದಲ್ಲಿ ಅದು ತಿರುವುಮುರುವಾಗಿದೆ.

ಕೇಳಲು ಬಾಗಿಲುಗಳು ಎಷ್ಟಿವೆ? ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮವೆಂಬುದು 1974-75ರಲ್ಲಿ ಆರಂಭವಾಗಿ, ಮುಂದೆ ಐದು ರಾಜ್ಯಗಳ 171 ತಾಲ್ಲೂಕುಗಳಿಗೆ ಹರಡಿತ್ತು. ಅವುಗಳಲ್ಲಿ 40 ನಮ್ಮ ರಾಜ್ಯದವು. ಕೇಂದ್ರದ ನೆರವು 2015ರ ವೇಳೆಗೆ ನಿಂತುಹೋಯಿತು. ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ; ಶಿವಮೊಗ್ಗದಲ್ಲಿ ಕೇಂದ್ರ ಕಚೇರಿ, ವ್ಯಾಪ್ತಿಯ 13 ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಆದರೆ ಅಲ್ಲಿಯ ಹಣದ ಒಲವು ರಸ್ತೆ, ಕಿರುಸೇತುವೆ, ಸಮುದಾಯ ಭವನಗಳತ್ತ. ಕಾಮಗಾರಿಯೆಂದರೆ ಸಿಮೆಂಟು ಎಂಬ ನಂಬಿಕೆ ನಮ್ಮ ಆಡಳಿತಕ್ಕೆ ಎಷ್ಟು ಆಳವಾಗಿ ಹೊಕ್ಕಿದೆಯೆಂದರೆ, ಹುಲ್ಲು ಬೆಳೆಸುವುದನ್ನು ಕಾಮಗಾರಿಯೆಂದು ಒಪ್ಪಿಸುವುದೇ ಒಂದು ಸಾಹಸ.

ನಮ್ಮ ಕೆಲಸಕ್ಕೆ ಹೆಚ್ಚು ಹೊಂದುವುದು ನಬಾರ್ಡಿನ ಜಲಾನಯನ ಅಭಿವೃದ್ಧಿ ನಿಧಿ. ಕೇಂದ್ರ ಸರ್ಕಾರ 100 ಕೋಟಿ, ನಬಾರ್ಡ್ 100 ಕೋಟಿ ರೂಪಾಯಿ ಕೂಡಿಸಿ 1999-2000ರಲ್ಲಿ ಸ್ಥಾಪಿಸಿದ ನಿಧಿ ಇದು. ಇದರ ಬೇರು ಇರುವುದು ನೆರೆಯ ಮಹಾರಾಷ್ಟ್ರದಲ್ಲಿ, ಜರ್ಮನಿಯ ಸಹಕಾರದಿಂದ 1990ರ ದಶಕದಲ್ಲಿ ನಡೆದ ಇಂಡೋ-ಜರ್ಮನ್ ಜಲಾನಯನ ಕಾರ್ಯಕ್ರಮದಲ್ಲಿ. ಆ ಪದ್ಧತಿಯ ಸಾರವಿಷ್ಟು: ಹಣ ಬರುವ ಮೊದಲೇ ಊರು ಕೆಲವು ದಿನ ಶ್ರಮದಾನ ಮಾಡಿ ತನ್ನ ಒಗ್ಗಟ್ಟನ್ನು ತೋರಿಸಬೇಕು, ಗ್ರಾಮ ಜಲಾನಯನ ಸಮಿತಿ ರಚಿಸಿಕೊಳ್ಳಬೇಕು, ನೆತ್ತಿಯಿಂದ ಕಣಿವೆಯತ್ತ ಇಳಿಯುತ್ತ, ಒಂದೊಂದು ಸರ್ವೆ ನಂಬರಿನಲ್ಲೂ ಆ ಹೊಲದವರನ್ನೇ ನಿಲ್ಲಿಸಿಕೊಂಡು ಯಾವ ಕೆಲಸ ಎಲ್ಲಿ ಎಂದು ಬರೆಯಬೇಕು. ಅನುದಾನ ನೀಡುವವರು ಮೊದಲು ಊರಿನ ಬೆವರು ಕೇಳುವುದು ಅವಮಾನವೆಂದು ಕೆಲವರು ಎಣಿಸುತ್ತಾರೆ. ನಮಗೆ ಹಾಗೆನಿಸದು. ಕಾಗದದ ಮೇಲಷ್ಟೇ ಇರುವ ಸಂಘಗಳನ್ನು ಜರಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಕಂಡಿಲ್ಲ. ಆದರೆ ಹೊಲವಿಲ್ಲದವನು ಬೇರೆಯವರ ಹೊಲದ ಒಡ್ಡಿಗೆ ಪುಕ್ಕಟೆ ದುಡಿಯುವುದು ಶ್ರಮದಾನವಲ್ಲ, ಬಿಟ್ಟಿ. ಭೂಹೀನರನ್ನು ಅದರಿಂದ ಬಿಡುವ ನಿರ್ಣಯ ಅರ್ಜಿಯೊಡನೆಯೇ ಹೋಗಬೇಕು.

ಇದೇ ಪದ್ಧತಿಯಲ್ಲಿ ಇನ್ನೊಂದು ನಿಯಮವಿದೆ: ಚರಾಯಿಬಂದಿ, ಕುರಾಡಬಂದಿ. ಅಂದರೆ ಗುಡ್ಡದಲ್ಲಿ ದನಕುರಿ ಬಿಡಬಾರದು, ಕೊಡಲಿ ಹಾಕಬಾರದು. ಕೊಡಲಿಯ ವಿಷಯದಲ್ಲಿ ತಕರಾರಿಲ್ಲ. ಮೇವಿನ ವಿಷಯ ಅಷ್ಟು ಸರಳವಲ್ಲ. ಗೋಕಾಕ, ಹುಕ್ಕೇರಿ ಸೀಮೆಯ ಕುರಿಗಾರರು ವರ್ಷದ ಬಹುಭಾಗ ಹಿಂಡಿನೊಡನೆ ತಿರುಗುತ್ತಾರೆ. ಒಕ್ಕಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಗೊಬ್ಬರ ಕೊಟ್ಟು, ಕಾಳು ಪಡೆಯುವ ಅವರ ವ್ಯವಹಾರ ಯಾವ ಯೋಜನೆಗಿಂತಲೂ ಹಳೆಯದು. ಗ್ರಾಮಸಭೆ ಸೇರುವ ದಿನ ಅವರು ಊರಲ್ಲಿರುವುದಿಲ್ಲ. ಮರಳಿ ಬರುವಷ್ಟರಲ್ಲಿ ಗುಡ್ಡಕ್ಕೆ ಬೇಲಿ, ಬೇಲಿಗೊಂದು ಫಲಕ. ಅರ್ಜಿಯಲ್ಲಿ ‘ಊರು ಸರ್ವಾನುಮತದಿಂದ ಒಪ್ಪಿದೆ’ ಎಂದು ಬರೆದಾಗ ಆ ಸರ್ವರಲ್ಲಿ ಕುರಿಗಾರರು ಇದ್ದರೇ ಎಂದು ನಾವು ಕೇಳಲೇಬೇಕು. ಗುಡ್ಡವನ್ನು ಒಮ್ಮೆಗೇ ಮುಚ್ಚದೆ ಪಾಲು ಪಾಲಾಗಿ ವಿಶ್ರಾಂತಿ ಕೊಡುವುದು, ಹುಲ್ಲು ಎದ್ದ ಭಾಗವನ್ನು ಅವರಿಗೆ ಮೊದಲು ತೆರೆಯುವುದು ಅಸಾಧ್ಯವೇನಲ್ಲ. ಅಂಥ ವಾಕ್ಯವೊಂದು ಅರ್ಜಿಯಲ್ಲಿ ಇಲ್ಲದಿದ್ದರೆ ನಮ್ಮ ಬಳಗ ಅದಕ್ಕೆ ಬೆಂಬಲದ ಪತ್ರ ಕೊಡಬಾರದು.

ಕಾಗದಪತ್ರಗಳ ಮಾತು ಬೇಗ ಮುಗಿಸೋಣ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ, ತಪ್ಪದೆ ಲೆಕ್ಕಪರಿಶೋಧನೆ, ಆದಾಯ ತೆರಿಗೆಯ 12ಎ ಮತ್ತು 80ಜಿ ಇಷ್ಟು ಸರಿಯಿಟ್ಟುಕೊಂಡರೆ ಒಳನಾಡಿನ ನಿಧಿಗಳ ಮಟ್ಟಿಗೆ ಹೆಚ್ಚಿನ ತೊಡಕಿಲ್ಲ. ವಿದೇಶಿ ದೇಣಿಗೆಯ ದಾರಿ ಮಾತ್ರ ಸಣ್ಣ ಸಂಘಟನೆಗಳಿಗೆ ಮುಚ್ಚಿದಂತೆಯೇ. 2020ರ ತಿದ್ದುಪಡಿಯ ನಂತರ, ಪರವಾನಗಿಯುಳ್ಳ ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ 20ಕ್ಕೆ ಇಳಿದಿದೆ.

ಇನ್ನು ದನಿಯ ಪ್ರಶ್ನೆ. ಹಿಡಕಲ್ಲಿನ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಕೊಳವೆಯಲ್ಲಿ ಒಯ್ಯುವ ಯೋಜನೆಯ ವಿರುದ್ಧ 2025ರಲ್ಲಿ ಬೆಳಗಾವಿಯಲ್ಲಿ ಪ್ರತಿಭಟನೆಗಳು ನಡೆದವು. ಸರ್ಕಾರದ ನಿಧಿಯಿಂದ ಒಡ್ಡು ಕಟ್ಟುತ್ತಿರುವ ಸಂಘವೊಂದು ಅಂಥ ಪ್ರತಿಭಟನೆಯಲ್ಲಿ ನಿಲ್ಲಬಲ್ಲದೆ? ಕಂತು ಬರಬೇಕಾದ ತಿಂಗಳು ಎಂಥವರ ನಾಲಗೆಯೂ ತೂಕ ಮಾಡಿ ಆಡುತ್ತದೆ. ಅದಕ್ಕಾಗಿಯೇ ಅರ್ಜಿ ನಮ್ಮ ಹೆಸರಿನಲ್ಲಿ ಹೋಗಬಾರದು, ಊರಿನ ಜಲಾನಯನ ಸಮಿತಿಯ ಹೆಸರಿನಲ್ಲಿ ಹೋಗಬೇಕು ಎಂಬುದು ನಮ್ಮ ನಿಲುವು. ನಕ್ಷೆ, ಅಳತೆ, ಬರವಣಿಗೆಗೆ ಬಳಗ ಕೂಲಿಯಿಲ್ಲದೆ ನೆರವಾಗಲಿ. ಖಾತೆಯಲ್ಲಿ ನಮ್ಮ ಸಹಿ ಬೇಡ. ಖರ್ಚಿನ ಲೆಕ್ಕ ಚಾವಡಿಯ ಗೋಡೆಯ ಮೇಲೆ, ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರಲಿ.

ಕೊನೆಯದಾಗಿ ಒಂದು ಕೊರತೆ. ಘಟಪ್ರಭೆ ಹುಟ್ಟುವುದು ಗಡಿಯಾಚೆ. ಹಿರಣ್ಯಕೇಶಿ ಆಂಬೋಲಿಯ ಕಡೆಯಿಂದ ಇಳಿದು ಬಂದು ಅದನ್ನು ಕೂಡುತ್ತದೆ. ನಮ್ಮ ಜಲಾಶಯವನ್ನು ತುಂಬುವ ಜಲಾನಯನದ ಬಹುಭಾಗ ಕೊಲ್ಹಾಪುರ ಜಿಲ್ಲೆಯ ತಾಲ್ಲೂಕುಗಳಲ್ಲಿದೆ. ನಬಾರ್ಡಿನ ಪ್ರಾದೇಶಿಕ ಕಚೇರಿಗಳಾದರೋ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಪುಣೆಯಲ್ಲಿ. ಯುರೋಪಿನಲ್ಲಿ ಗಡಿಯ ಎರಡೂ ಬದಿಯ ಊರುಗಳು ಕೂಡಿ ಅರ್ಜಿ ಹಾಕಲೆಂದೇ ಇಂಟರ್‌ರೆಗ್ ಎಂಬ ನಿಧಿ 1990ರಿಂದ ಇದೆ. ಅಲ್ಲಿ ದೇಶಗಳ ಗಡಿ, ಇಲ್ಲಿ ಬರಿಯ ರಾಜ್ಯಗಳ ಗಡಿ. ಗಡಿ ವಿವಾದಕ್ಕೆ ವ್ಯಯವಾದ ಶಾಯಿಯಲ್ಲಿ ಒಂದು ತೊಟ್ಟು ಸಾಕಿತ್ತು, ಚಂದಗಡದ ಊರೊಂದು ಮತ್ತು ಹುಕ್ಕೇರಿಯ ಊರೊಂದು ಒಂದೇ ಅರ್ಜಿಗೆ ಸಹಿ ಮಾಡಲು. ಎರಡೂ ಕಚೇರಿಗಳಿಗೆ ಜಂಟಿ ಮನವಿ ಕೊಡಬೇಕೆಂಬುದು ನಮ್ಮ ಸೂಚನೆ. ಅಲ್ಲಿಯವರೆಗೆ, ಅರ್ಜಿ ಹಾಕಲಿಚ್ಛಿಸುವ ಊರುಗಳು ಸರ್ವೆ ನಂಬರುಗಳ ನಕ್ಷೆಯನ್ನು ಬೇಸಿಗೆಯಲ್ಲೇ ನಡೆದಾಡಿ ಮುಗಿಸಿಕೊಳ್ಳಲಿ. ಹುಲ್ಲು ಎದ್ದ ಮೇಲೆ ಕೊರಕಲುಗಳು ಕಾಣುವುದಿಲ್ಲ.