ಡೇರೆಯಲ್ಲಿ ಮೊದಲ ರಾತ್ರಿ

ಪರೀಕ್ಷೆ ಮುಗಿದು ಪುಸ್ತಕದ ಚೀಲ ಮೂಲೆ ಸೇರಿತೆಂದರೆ ಮಕ್ಕಳಿಗೆ ಎಲ್ಲಿಗಾದರೂ ಹೊರಡುವ ತವಕ. ಹೋಟೆಲಿನ ಕೋಣೆಗಿಂತ ಹೊಳೆಯ ಬದಿಯಲ್ಲಿ ಡೇರೆ ಹಾಕಿ ಮಲಗುವ ಆಸೆ ಅವರದು. ಅಪ್ಪ ಅಮ್ಮಂದಿರಿಗೆ ಆನೆ, ಚಿರತೆಯದೇ ಚಿಂತೆ. ಆದರೆ ಕಣ್ಣಿಗೆ ಬೀಳದ ಅಪಾಯಗಳು ಬೇರೆಯೇ ಇವೆ. ಅವನ್ನು ಮೊದಲೇ ಅರಿತು ಹೊರಟರೆ ಭಯಪಡಬೇಕಿಲ್ಲ.

ತಾಲೀಮು ಮನೆಯಲ್ಲೇ ನಡೆಯಲಿ. ಡೇರೆಯನ್ನು ಬಾಡಿಗೆಗೆ ತಂದು ಅಂಗಳದಲ್ಲಿ ಹಗಲಿನಲ್ಲೊಮ್ಮೆ, ಟಾರ್ಚಿನ ಬೆಳಕಿನಲ್ಲೊಮ್ಮೆ ಕಟ್ಟಿ ನೋಡಬೇಕು. ಯಾವ ಗೂಟ ಕಡಿಮೆ, ಯಾವ ಜಿಪ್ ಕೆಟ್ಟಿದೆ ಎಂಬುದು ಆಗಲೇ ತಿಳಿಯುತ್ತದೆ. ಚಳಿ ಗಾಳಿಯಿಂದಷ್ಟೇ ಅಲ್ಲ, ನೆಲದಿಂದಲೂ ತಟ್ಟುತ್ತದೆ. ಹೊದೆಯುವ ಕಂಬಳಿಯಷ್ಟೇ ಕೆಳಗೆ ಹಾಸುವ ದಪ್ಪ ಚಾಪೆಯೂ ಮುಖ್ಯ. 1000 ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಭೂಗೋಳದಲ್ಲಿ ಇದನ್ನು ಓದಿದ ವಿದ್ಯಾರ್ಥಿಗಳು, ಹೋಗುವ ಜಾಗದ ಎತ್ತರ ನೋಡಿ ಎಷ್ಟು ಬೆಚ್ಚನೆಯ ಉಡುಪು ಬೇಕೆಂದು ತಾವೇ ಲೆಕ್ಕ ಹಾಕಲಿ.

ಕಾಡು ಕಂಡಲ್ಲೆಲ್ಲ ಡೇರೆ ಹಾಕುವಂತಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳನ್ನು ಅನುಮತಿಯಿಲ್ಲದೆ ಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಮೊದಲ ಸಲ ಹೋಗುವವರಿಗೆ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವಂಥ ಶಿಬಿರ ಅಥವಾ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಏರ್ಪಡಿಸುವ ಕುಟುಂಬ ಶಿಬಿರ ಸೂಕ್ತ. ಕುಡಿಯುವ ನೀರು, ಶೌಚಾಲಯ, ಹತ್ತಿರದ ಆಸ್ಪತ್ರೆ ಇವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಒಂದೇ ರಾತ್ರಿ ಸಾಕು. ಸಂಜೆ ನಾಲ್ಕರೊಳಗೆ ಜಾಗ ಮುಟ್ಟುವುದು ಲೇಸು.

ಇನ್ನು ಅಪಾಯಗಳ ಮಾತು. ಮೊದಲನೆಯದು ನೀರು. ಮುತ್ತತ್ತಿ, ಮೇಕೆದಾಟುಗಳಲ್ಲಿ ಕಾವೇರಿಗಿಳಿದು ಪ್ರಾಣ ಕಳೆದುಕೊಂಡವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಬಂಡೆಗಳ ನಡುವಿನ ಮಡು, ಸುಳಿ ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಅಲ್ಲಿ ಹನಿ ಮಳೆ ಬೀಳದಿದ್ದರೂ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಉಕ್ಕುತ್ತದೆ. ಆದ್ದರಿಂದ ಮರಳ ದಿಬ್ಬದ ಮೇಲೆ ಡೇರೆ ಬೇಡ. ಹಿಂದಿನ ಪ್ರವಾಹದ ಕಸಕಡ್ಡಿ ಸಿಕ್ಕಿಕೊಂಡ ಗುರುತಿಗಿಂತ ಸಾಕಷ್ಟು ಮೇಲಿರಲಿ. ಈಜು ಬಲ್ಲ ಮಗುವೂ ಅಪರಿಚಿತ ಹೊಳೆಗೆ ಇಳಿಯಬಾರದು. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕದೆ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು.

ಎರಡನೆಯದು ಬೆಂಕಿ. ಚಳಿಯೆಂದು ಇದ್ದಿಲ ಕೆಂಡವನ್ನಾಗಲಿ, ಸ್ಟೌವನ್ನಾಗಲಿ ಡೇರೆಯೊಳಗೆ ತರಲೇಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯಬಹುದು. ಅಡುಗೆ ಹೊರಗೆ, ಅನುಮತಿಯಿದ್ದ ಜಾಗದಲ್ಲಿ ಮಾತ್ರ. ಮಲಗುವ ಮುನ್ನ ಬೂದಿಗೆ ನೀರು ಸುರಿದು ಕೆದಕಿ, ಅದು ತಣ್ಣಗಾಗಿದೆಯೇ ಎಂದು ನೋಡಬೇಕು.

ಮೂರನೆಯದು ಸಾಸಿವೆ ಕಾಳಿಗಿಂತ ಚಿಕ್ಕದಿರಬಹುದಾದ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ. ಇದರ ಕಾಟ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಬೇಸಿಗೆ ರಜೆಯೂ ಅದೇ ಕಾಲ! ಮಲೆನಾಡಿಗೆ ಹೋಗುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು ಇರಲಿ. ತರಗೆಲೆಯ ಮೇಲೆ ಕೂರುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅಧಿಕಾರಿಗಳಿಗೆ ತಿಳಿಸಬೇಕು. ಮರಳಿದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ತಪ್ಪು. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಒಯ್ಯಬೇಕು. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳುವುದು ಎಲ್ಲರಿಗೂ ರೂಢಿಯಾಗಲಿ.

ಮಕ್ಕಳಿಗೂ ಒಂದೊಂದು ಹೊಣೆ ವಹಿಸಬೇಕು. ಒಬ್ಬರಿಗೆ ಟಾರ್ಚು, ಇನ್ನೊಬ್ಬರಿಗೆ ಕುಡಿಯುವ ನೀರು, ಮತ್ತೊಬ್ಬರಿಗೆ ಕಸದ ಚೀಲ. ಹೊತ್ತು ತಂದ ಪ್ಲಾಸ್ಟಿಕ್ಕೆಲ್ಲ ಮನೆಗೇ ಹಿಂತಿರುಗಲಿ. ಮೋಡ ಕವಿದರೆ, ಹೊಳೆಯ ನೀರು ಬಣ್ಣ ಬದಲಿಸಿದರೆ, ಗಂಟುಮೂಟೆ ಕಟ್ಟಿ ಹೊರಡಲು ಹಿರಿಯರು ಸಂಕೋಚಪಡಬಾರದು. ಅರ್ಧಕ್ಕೆ ನಿಂತ ಪ್ರವಾಸವನ್ನು ಮುಂದಿನ ರಜೆಯಲ್ಲಿ ಪೂರೈಸಬಹುದು.